ಕಟ್ಟಿಂಗೇರಿಯ ಗದ್ದೆಯಿಂದ ಕ್ಯಾನ್‌ವಾಸಿಗೆ: ಕಲಾವಿದ ಕೆ. ಕೆ. ಹೆಬ್ಬಾರರ ಬದುಕು

ಉಡುಪಿ ಜಿಲ್ಲೆಯ ಮೂಡುಬೆಳ್ಳೆಯಲ್ಲಿ ಸಂತ ಲಾರೆನ್ಸರ ಚರ್ಚ್ ಇದೆ. ಆ ಚರ್ಚಿನ ಆಸುಪಾಸಿನಲ್ಲಿ ಬೆಳೆದವರಿಗೆ ಕಟ್ಟಿಂಗೇರಿ ಎಂಬ ಹೆಸರು ಹೊಸದಲ್ಲ. ಬೆಳ್ಳೆಗೆ ತಾಗಿಕೊಂಡಿರುವ ಗ್ರಾಮ ಅದು. ಗದ್ದೆ, ತೆಂಗು, ಕಂಗು, ಮಳೆಗಾಲದಲ್ಲಿ ಉಕ್ಕಿ ಹರಿಯುವ ತೋಡು, ಕರಾವಳಿಯ ಯಾವ ಊರಿನಲ್ಲೂ ಕಾಣಸಿಗುವ ನೋಟವೇ ಅಲ್ಲಿಯೂ ಇದೆ. ಆ ಊರಿನ ಹೆಸರನ್ನು ತನ್ನ ಹೆಸರಿನ ಮೊದಲ ಅಕ್ಷರವಾಗಿ ಹೊತ್ತುಕೊಂಡು ಜಗತ್ತು ಸುತ್ತಿದ ಕಲಾವಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. ಅವರು ಹುಟ್ಟಿದ್ದು 1911ರ ಜೂನ್ 15ರಂದು. ತೀರಿಕೊಂಡದ್ದು 1996ರ ಮಾರ್ಚ್ 26ರಂದು, ಮುಂಬಯಿಯಲ್ಲಿ.

ಹೆಬ್ಬಾರರು ಕ್ರೈಸ್ತರಲ್ಲ. ನಮ್ಮ ಚರ್ಚುಗಳಲ್ಲಿ ತೂಗುಹಾಕುವ ಚಿತ್ರಗಳಿಂದ ಅವರಿಗೆ ಹೆಸರು ಬಂದದ್ದೂ ಅಲ್ಲ. ಹಾಗಿದ್ದರೂ ಅವರ ಬದುಕಿನ ಕಥೆಯನ್ನು ಇಲ್ಲಿ ಹೇಳಲು ನಮಗೆ ಕಾರಣವಿದೆ. ನಾವು ದಿನಾ ನೋಡಿಯೂ ನೋಡದಂತೆ ಬಿಟ್ಟುಬಿಡುವ ಜನರನ್ನು, ಅಂದರೆ ನೇಜಿ ನೆಡುವ ಹೆಂಗಸನ್ನು, ಬಲೆ ಎಳೆಯುವವನನ್ನು, ತಲೆಹೊರೆಯ ಕೂಲಿಯವನನ್ನು, ಅವರು ಅರುವತ್ತು ವರ್ಷ ಗಮನವಿಟ್ಟು ನೋಡಿದರು. ಹಾಗೆ ನೋಡುವುದನ್ನು ಕಲಿಯಲು ತಾವು ಗಳಿಸಿದ್ದ ಸುಲಭದ ಹೆಸರನ್ನು ಒಂದಲ್ಲ, ಹಲವು ಸಲ ಬದಿಗಿಟ್ಟರು. ಬಡವರ ನಡುವೆ ಸೇವೆ ಮಾಡಬೇಕೆಂದು ಹೊರಡುವ ಚರ್ಚ್ ಕಾರ್ಯಕರ್ತರಿಗೆ ಈ ಬದುಕಿನಿಂದ ಕಲಿಯುವುದು ಬಹಳಷ್ಟಿದೆ ಎಂದು ನಮಗೆ ಅನಿಸಿದೆ.

ಹುಟ್ಟೂರು ಕೊಟ್ಟದ್ದು

ಹೆಬ್ಬಾರರು ಹುಟ್ಟಿದಾಗ ಕರಾವಳಿಯು ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಇಂದಿನ ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳೆರಡೂ ಅದರೊಳಗೇ ಇದ್ದವು. ಮಳೆ ಬಂದರೆ ನಾಲ್ಕು ತಿಂಗಳು ಬಿಡದೆ ಸುರಿಯುವ ಕಾಲ. ಬೇಸಾಯವೇ ಹೆಚ್ಚಿನವರ ಅನ್ನ. ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿ ಚೆಂಡೆಯ ಸದ್ದಿನೊಂದಿಗೆ ಯಕ್ಷಗಾನ, ಇನ್ನೊಂದು ಕಡೆ ಭೂತದ ಕೋಲ, ನಾಗಮಂಡಲ, ಕಂಬಳ, ಕೋಳಿ ಅಂಕ. ಗೋಡೆಗೆ ತೂಗುಹಾಕುವ ಚಿತ್ರಗಳು ಹಳ್ಳಿಯ ಮನೆಗಳಲ್ಲಿ ಕಡಿಮೆಯಿದ್ದರೂ ಕಣ್ಣಿಗೆ ಬಣ್ಣದ ಬರವಿರಲಿಲ್ಲ. ವೇಷದ ಕಿರೀಟ, ಮುಖವರ್ಣಿಕೆಯ ಕೆಂಪು ಮತ್ತು ಕಪ್ಪು, ಅಂಗಳದ ರಂಗೋಲಿ, ಜಾತ್ರೆಯ ತೇರು ಇವೆಲ್ಲ ಮಕ್ಕಳ ಕಣ್ಣು ತುಂಬುತ್ತಿದ್ದವು.

ಇದೇ ನೆಲದಲ್ಲಿ ನಮ್ಮ ಹಿರಿಯರೂ ಬದುಕಿದವರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆ ಮರಿಯಮ್ಮನವರಿಗೆ ಅರ್ಪಿಸುವುದು, ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ಯುವುದು, ಇವೆಲ್ಲ ಅದೇ ಗದ್ದೆಯ ಬದುಕಿನಿಂದ ಬಂದ ಆಚರಣೆಗಳು. ಹೆಬ್ಬಾರರ ಚಿತ್ರಗಳಲ್ಲಿ ಕಾಣುವ ಹಳದಿ, ಹಸಿರು ಮತ್ತು ಮಣ್ಣಿನ ಕೆಂಪು ನಮಗೆ ಪರಕೀಯವೆನಿಸದೆ ಇರುವುದು ಇದೇ ಕಾರಣಕ್ಕೆ. ಅವರು ಬೆಳೆದ ಗದ್ದೆಯ ಬದುವಿನಲ್ಲೇ ನಮ್ಮ ಅಜ್ಜ ಅಜ್ಜಿಯರೂ ನಡೆದಿದ್ದರು.

ಬೊಂಬಾಯಿಯ ದಾರಿ

ಚಿತ್ರ ಬರೆಯುವುದು ಹೊಟ್ಟೆಪಾಡಿನ ಕೆಲಸವಾಗುತ್ತದೆ ಎಂದು ಆ ಕಾಲದ ಹಳ್ಳಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಇಂದಿಗೂ ಎಷ್ಟೋ ಮನೆಗಳಲ್ಲಿ ನಂಬುವುದಿಲ್ಲ. ಕೃಷ್ಣ ಹೆಬ್ಬಾರರು ಮೊದಲು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತರು. ಬಳಿಕ ಕರಾವಳಿಯ ಸಾವಿರಾರು ಯುವಕರು ಹಿಡಿದ ದಾರಿಯನ್ನೇ ಹಿಡಿದು ಬೊಂಬಾಯಿಗೆ ಹೋದರು.

ಬೊಂಬಾಯಿ ಎಂದರೆ ನಮ್ಮ ಕುಟುಂಬಗಳಿಗೆ ಏನಾಗಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿದ್ದು 1998ರಲ್ಲಿ. ಅದಕ್ಕೂ ಮುನ್ನ ಊರು ಬಿಟ್ಟವರಿಗೆ ಹಡಗು, ಘಟ್ಟದ ಬಸ್ಸು, ಸುತ್ತುದಾರಿಯ ರೈಲು ಇವೇ ಗತಿ. ಹೋಟೆಲಿನಲ್ಲಿ, ಕಚೇರಿಯಲ್ಲಿ, ಗಿರಣಿಯಲ್ಲಿ ಕೆಲಸ ಹುಡುಕಿಕೊಂಡು ಹೋದವರು ತಿಂಗಳು ತಿಂಗಳು ಮನಿಯಾರ್ಡರ್ ಕಳುಹಿಸಿದ್ದರಿಂದ ಊರಿನ ಎಷ್ಟೋ ಮನೆಗಳ ಮಾಡು ಹುಲ್ಲಿನಿಂದ ಹಂಚಿಗೆ ಬದಲಾಯಿತು. ಹೆಬ್ಬಾರರೂ ಆ ಪ್ರವಾಹದಲ್ಲಿ ಹೋದವರೇ, ಬಣ್ಣ ಕಲಿಯುವುದಕ್ಕೆಂದು. 1933ರಿಂದ 1938ರವರೆಗೆ ಅವರು ಸರ್ ಜೆ. ಜೆ. ಕಲಾ ಶಾಲೆಯಲ್ಲಿ ಅಭ್ಯಾಸ ಮಾಡಿ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು.

ಊರಿನವರ ಲೆಕ್ಕದಲ್ಲಿ ಇಷ್ಟಕ್ಕೇ ಕಥೆ ಮುಗಿಯಬೇಕಿತ್ತು. ಹಳ್ಳಿಯ ಹುಡುಗ ಪಟ್ಟಣಕ್ಕೆ ಹೋದ, ಓದಿದ, ಹೆಸರಾದ ಶಾಲೆಯಲ್ಲಿ ಮೇಷ್ಟ್ರಾದ. ಆದರೆ ಹೆಬ್ಬಾರರ ನಿಜವಾದ ಹುಡುಕಾಟ ಆರಂಭವಾದದ್ದೇ ಇಲ್ಲಿಂದ.

ಕಲಿತದ್ದನ್ನು ಬದಿಗಿಟ್ಟದ್ದು

ಆ ಕಾಲದ ಕಲಾ ಶಾಲೆಗಳಲ್ಲಿ ಬ್ರಿಟಿಷರು ತಂದ ಪದ್ಧತಿಯ ಶಿಕ್ಷಣವಿತ್ತು. ಎದುರಿಗೆ ಕೂರಿಸಿದ ಮನುಷ್ಯನನ್ನು, ಬೆಳಕು ನೆರಳುಗಳ ಸಮೇತ, ಕಂಡಂತೆ ಬರೆಯುವುದನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಿದ್ದರು. ಹೆಬ್ಬಾರರಿಗೆ ಅದು ಕೈವಶವಾಗಿತ್ತು. ಭಾವಚಿತ್ರಗಳನ್ನು ಬರೆದುಕೊಂಡೇ ಸುಖವಾಗಿ ಬದುಕಬಹುದಿತ್ತು. ಆದರೆ ತಾನು ಬರೆಯುತ್ತಿರುವುದರಲ್ಲಿ ತನ್ನ ನೆಲದ್ದೇನೂ ಇಲ್ಲವಲ್ಲ ಎಂಬ ಅಸಮಾಧಾನ ಅವರನ್ನು ಬಿಡಲಿಲ್ಲ.

ಅವರು ಹಳೆಯದರ ಕಡೆಗೆ ತಿರುಗಿದರು. ಅಜಂತಾದ ಗುಹೆಗಳ ಭಿತ್ತಿಚಿತ್ರಗಳು, ಜೈನ ಹಸ್ತಪ್ರತಿಗಳ ಪುಟ್ಟ ಚಿತ್ರಗಳು, ರಜಪೂತ ಮತ್ತು ಮೊಗಲ್ ಶೈಲಿಯ ಕಿರುಚಿತ್ರಗಳು ಅವರಿಗೆ ಪಾಠವಾದವು. ಅಲ್ಲಿ ಬೆಳಕು ನೆರಳಿನ ಲೆಕ್ಕಾಚಾರ ಕಡಿಮೆ. ರೇಖೆಯೇ ಮೊದಲು, ಆಮೇಲೆ ಬಣ್ಣ. ಇದೇ ಹೊತ್ತಿನಲ್ಲಿ ಅಮೃತಾ ಶೇರ್‌ಗಿಲ್ ಎಂಬ ಕಲಾವಿದೆಯ ಕೃತಿಗಳು ಅವರ ಮೇಲೆ ಗಾಢವಾದ ಪ್ರಭಾವ ಬೀರಿದವು. ಪ್ಯಾರಿಸಿನಲ್ಲಿ ಕಲಿತು ಬಂದು ಭಾರತದ ಹಳ್ಳಿಯ ಹೆಂಗಸರನ್ನು ಬರೆದ ಶೇರ್‌ಗಿಲ್ 1941ರಲ್ಲಿ, ಕೇವಲ 28ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪಶ್ಚಿಮದ ತರಬೇತಿಯನ್ನೂ ಭಾರತದ ಬಣ್ಣವನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಬಹುದು ಎಂಬುದನ್ನು ಆಕೆಯ ಚಿತ್ರಗಳು ತೋರಿಸಿಕೊಟ್ಟಿದ್ದವು. ದಕ್ಷಿಣ ಸಮುದ್ರದ ದ್ವೀಪಗಳ ಜನರನ್ನು ಬರೆದ ಫ್ರಾನ್ಸಿನ ಪಾಲ್ ಗೊಗ್ಯಾನ್ ಕೂಡ ಹೆಬ್ಬಾರರಿಗೆ ಮೆಚ್ಚಿನವರಾಗಿದ್ದರು.

ಹೆಬ್ಬಾರರು ಕೇರಳದ ಕಡೆಗೂ ಪ್ರವಾಸ ಹೋದರು. ಕೆಂಪು ಮಣ್ಣು, ಬಿಳಿ ಮುಂಡು, ಕಪ್ಪು ಮೈ, ಗಾಢ ಹಸಿರು, ಮೇಲೆ ಸುಡುವ ಬಿಸಿಲು. ಅವರು ಚಿಕ್ಕಂದಿನಲ್ಲಿ ಕಂಡಿದ್ದ ನೋಟವೇ ಅದು. ಈಗ ಅದನ್ನು ಕಾಣುವ ಕಣ್ಣು ಬೇರೆಯಾಗಿತ್ತು. 'ಸನ್ನಿ ಸೌತ್', 'ಟು ಮೇಡನ್‌ಹುಡ್', 'ಕಾರ್ಲಾ ಕೇವ್ಸ್' ಮೊದಲಾದ ಅವರ ಪ್ರಸಿದ್ಧ ಕೃತಿಗಳು ಹೊಸ ದಾರಿಗೆ ಹೊರಳಿದ ಈ ಹಂತದವು. ದೊಡ್ಡ ದೊಡ್ಡ ಬಣ್ಣದ ಹರವುಗಳು, ಸರಳವಾದ ಮೈಕಟ್ಟು, ಮುಖಕ್ಕಿಂತ ನಿಲುವೇ ಮಾತಾಡುವ ಜನರು. ಪ್ರಶಸ್ತಿಗಳೂ ಮೆಚ್ಚುಗೆಯೂ ಬರತೊಡಗಿದವು.

1947ರಲ್ಲಿ ಬೊಂಬಾಯಿಯಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಹುಟ್ಟಿಕೊಂಡಿತು. ಗೋವೆಯ ಸಾಲಿಗಾಂವಿನ ಕಥೋಲಿಕ ಮನೆತನದ ಫ್ರಾನ್ಸಿಸ್ ನ್ಯೂಟನ್ ಸೋಜಾ, ಎಂ. ಎಫ್. ಹುಸೇನ್, ಎಸ್. ಎಚ್. ರಜಾ ಮುಂತಾದವರು ಅದರಲ್ಲಿದ್ದರು. ಹೆಬ್ಬಾರರು ಆ ಗುಂಪಿಗೆ ಸೇರಿದವರಲ್ಲ. ಹಳೆಯದೆಲ್ಲವನ್ನೂ ಮುರಿಯುವ ಆವೇಶ ಅವರ ಸ್ವಭಾವಕ್ಕೆ ಹೊಂದುತ್ತಿರಲಿಲ್ಲ. ತಮ್ಮದೇ ನಡಿಗೆಯಲ್ಲಿ, ಸದ್ದಿಲ್ಲದೆ ಅವರು ಮುಂದುವರಿದರು.

ಪ್ಯಾರಿಸ್, ಆಮೇಲೆ ಗೆಜ್ಜೆ

1949-50ರಲ್ಲಿ ಅವರು ಪ್ಯಾರಿಸಿಗೆ ಹೋಗಿ ಅಕಾಡೆಮಿ ಜೂಲಿಯನ್ ಎಂಬ ಶಾಲೆಯಲ್ಲಿ ಚಿತ್ರಕಲೆಯನ್ನೂ, ಎಕೋಲ್ ಎಸ್ತಿಯೆನ್‌ನಲ್ಲಿ ಗ್ರಾಫಿಕ್ ಕಲೆಯನ್ನೂ ಅಭ್ಯಾಸ ಮಾಡಿದರು. ಆಗ ಅವರ ವಯಸ್ಸು ನಲ್ವತ್ತರ ಹತ್ತಿರ. ಸ್ವತಃ ಐದು ವರ್ಷ ಪಾಠ ಹೇಳಿದ್ದವರು, ಹೆಸರು ಮಾಡಿದವರು, ಮತ್ತೆ ಹೋಗಿ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತರು. ಹೀಗೆ ತಲೆಬಾಗಿ ಕಲಿಯುವ ಗುಣ ಎಲ್ಲರಿಗೂ ಬರುವುದಿಲ್ಲ.

ಅದಕ್ಕಿಂತಲೂ ನಮ್ಮನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಚಿತ್ರದಲ್ಲಿ ಲಯ ಎಂದರೇನು ಎಂದು ತಿಳಿಯಬೇಕೆಂಬ ಹಂಬಲದಿಂದ ಹೆಬ್ಬಾರರು ಪಂಡಿತ್ ಸುಂದರ್ ಪ್ರಸಾದ್ ಅವರ ಬಳಿ ಎರಡು ವರ್ಷ ಕಥಕ್ ನೃತ್ಯ ಕಲಿತರು. ವೇದಿಕೆ ಏರಿ ಕುಣಿಯುವ ಆಸೆ ಅವರಿಗಿರಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ ತಾಳಕ್ಕೆ ಹೆಜ್ಜೆ ಹಾಕಿದರೆ ಮೈಗೆ ಏನಾಗುತ್ತದೆ, ಕೈ ಎತ್ತಿದಾಗ ಬೆನ್ನು ಎಲ್ಲಿ ಬಾಗುತ್ತದೆ, ತಿರುಗುವಾಗ ಭಾರ ಯಾವ ಕಾಲಿಗೆ ಬೀಳುತ್ತದೆ ಎಂಬುದನ್ನು ಅವರು ತಮ್ಮ ಮೈಯಿಂದಲೇ ತಿಳಿದುಕೊಳ್ಳಲು ಬಯಸಿದರು.

ಅದರ ಫಲ ಅವರ ರೇಖಾಚಿತ್ರಗಳಲ್ಲಿ ಕಾಣುತ್ತದೆ. ನರ್ತಕಿ, ವಾದ್ಯಗಾರ, ಯಕ್ಷಗಾನದ ವೇಷಧಾರಿ, ಮಗುವನ್ನು ಎತ್ತಿಕೊಂಡ ತಾಯಿ, ನೊಗ ಹೊತ್ತ ಎತ್ತು ಇವೆಲ್ಲ ಅವರಲ್ಲಿ ಕೆಲವೇ ಗೆರೆಗಳಲ್ಲಿ ಮೂಡುತ್ತವೆ. ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಬೇಕಾಗುತ್ತದೆ. ಕಣ್ಣು ಮೂಗು ಬಿಡಿಸದಿದ್ದರೂ ಆ ಮನುಷ್ಯ ದಣಿದಿದ್ದಾನೋ ಉತ್ಸಾಹದಲ್ಲಿದ್ದಾನೋ ಎಂಬುದು ತಿಳಿಯುತ್ತದೆ. ಈ ರೇಖಾಚಿತ್ರಗಳ ಸಂಗ್ರಹ 1964ರಲ್ಲಿ 'ದಿ ಸಿಂಗಿಂಗ್ ಲೈನ್' ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಹಾಡುವ ರೇಖೆ ಎಂಬುದು ಆ ಹೆಸರಿನ ಅರ್ಥ. ಹೆಬ್ಬಾರರ ಹೆಸರಿನೊಂದಿಗೆ ಆ ಮಾತು ಇಂದಿಗೂ ಅಂಟಿಕೊಂಡಿದೆ.

ದುಡಿಯುವವರ ನಡುವೆ

ಕರಾವಳಿಯ ನೋಟ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕ್ಯಾಲೆಂಡರಿನ ಚಿತ್ರ. ಬಾಗಿದ ತೆಂಗಿನ ಮರ, ಮುಳುಗುವ ಸೂರ್ಯ, ದೂರದಲ್ಲೊಂದು ದೋಣಿ. ಅದರಲ್ಲಿ ಜನರಿರುವುದಿಲ್ಲ. ಇದ್ದರೂ ಅಲಂಕಾರಕ್ಕೆಂದು ಇರುತ್ತಾರೆ. ಹೆಬ್ಬಾರರೂ ಪ್ರಕೃತಿಯನ್ನು ಬಹಳ ಪ್ರೀತಿಯಿಂದ ಬರೆದರು. ಸೂರ್ಯ, ಚಂದ್ರ, ಸಮುದ್ರ ಅವರ ಕ್ಯಾನ್‌ವಾಸಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ಆ ನೆಲದ ಮೇಲೆ ಬೆವರು ಸುರಿಸುವವರನ್ನು ಅವರು ಅಳಿಸಿಹಾಕಲಿಲ್ಲ. ಹೊಲದಲ್ಲಿ ಬಗ್ಗಿದವರು, ಮೀನುಗಾರರು, ಕೂಲಿಕಾರರು, ಭಿಕ್ಷುಕರು, ಹಸಿದವರು ಅವರ ಚಿತ್ರಗಳಿಗೆ ವಸ್ತುವಾದರು. ಕೋಳಿ ಅಂಕ, ಜಾತ್ರೆ, ಕುಣಿತಗಳೂ ಬಂದವು. ಅವರ ಹಳ್ಳಿಯಲ್ಲಿ ಹಬ್ಬವೂ ಉಂಟು, ಹಸಿವೂ ಉಂಟು.

ಇದು ಸಣ್ಣ ಮಾತಲ್ಲ. ಹಳ್ಳಿಯ ಸೊಗಸನ್ನು ಮಾತ್ರ ಬರೆದರೆ ಕೊಳ್ಳುವವರಿಗೆ ಹಿತ. ಮನೆಯ ಚಾವಡಿಯಲ್ಲಿ ಹಸಿದವನ ಚಿತ್ರ ತೂಗುಹಾಕಲು ಎಷ್ಟು ಜನ ಮುಂದೆ ಬರುತ್ತಾರೆ? ಸಂಸಾರವಿದ್ದ, ಕುಂಚವನ್ನೇ ನಂಬಿದ್ದ ಕಲಾವಿದನಿಗೆ ಇದು ದಿನನಿತ್ಯದ ಪ್ರಶ್ನೆ. ಹೆಬ್ಬಾರರು ಅದಕ್ಕೆ ಕೊಟ್ಟ ಉತ್ತರದಲ್ಲಿ ಘೋಷಣೆಯ ಅಬ್ಬರವಿಲ್ಲ. ಅವರು ಬಡವನನ್ನು ಕರುಣೆಯ ವಸ್ತುವಾಗಿ ತೋರಿಸುವುದಿಲ್ಲ. ಭಾರ ಹೊತ್ತವನ ಬೆನ್ನಿನಲ್ಲಿಯೂ ನರ್ತಕಿಯ ಮೈಯಲ್ಲಿ ಕಂಡ ಅದೇ ಲಯವನ್ನು ಕಂಡರು, ಎರಡಕ್ಕೂ ಒಂದೇ ಗೌರವದಿಂದ ಗೆರೆ ಎಳೆದರು.

ಇದನ್ನು ಓದುವಾಗ ನಮ್ಮ ಹಳೆಯ ಮನೆಗಳಲ್ಲಿ ಕಾಣುತ್ತಿದ್ದ ಒಂದು ಚಿತ್ರ ಕೆಲವರಿಗೆ ನೆನಪಾಗಬಹುದು. ಫ್ರಾನ್ಸಿನ ಜಾನ್ ಫ್ರಾಂಸ್ವಾ ಮಿಲ್ಲೆ 1857ರಿಂದ 1859ರ ನಡುವೆ ಬರೆದ 'ಆಂಜೆಲುಸ್' ಅದು. ಬಟಾಟೆ ಅಗೆಯುತ್ತಿದ್ದ ಗಂಡ ಹೆಂಡತಿ ಕೆಲಸ ನಿಲ್ಲಿಸಿ, ತಲೆ ತಗ್ಗಿಸಿ ನಿಂತಿದ್ದಾರೆ. ದೂರದಲ್ಲಿ ಚರ್ಚಿನ ಗೋಪುರ ಕಾಣುತ್ತದೆ. ಪಕ್ಕದಲ್ಲಿ ಬುಟ್ಟಿ, ಗುದ್ದಲಿ, ಕೈಗಾಡಿ. ರಾಜರನ್ನೂ ಸಂತರನ್ನೂ ಬರೆಯುತ್ತಿದ್ದ ನಾಡಿನಲ್ಲಿ ಒಬ್ಬ ಕಲಾವಿದ ಒಕ್ಕಲು ದಂಪತಿಗಳಿಗೆ ಚಿತ್ರದ ನಡುಮಧ್ಯದಲ್ಲಿ ಜಾಗ ಕೊಟ್ಟ. ಮಿಲ್ಲೆಯೂ ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನೇ. ಹೆಬ್ಬಾರರ ಶೈಲಿ ಅವನಿಗಿಂತ ಪೂರ್ತಿ ಬೇರೆ. ಆದರೂ ದುಡಿಯುವ ಮೈಯನ್ನು ಗೌರವದಿಂದ ನೋಡುವುದರಲ್ಲಿ ಇಬ್ಬರೂ ಒಂದೇ ಕುಲದವರು.

ಚಾಪೆಲಿನ ಗೋಡೆಯೂ ಗದ್ದೆಯ ಬದುವೂ

ಕರಾವಳಿಯ ಕಥೋಲಿಕರಾದ ನಮಗೆ ಚಿತ್ರಗಳನ್ನು ಓದುವ ಅಭ್ಯಾಸ ಹೊಸದಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರ ನಡುವೆ ಚಿತ್ರಗಳಿಂದ ತುಂಬಿದರು. ಬೆರ್ಗಮೊ ಸಮೀಪದ ಸ್ತೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಅವರು ಕಲಾವಿದರಾಗಿ ಪಳಗಿದ ಬಳಿಕ 1889ರಲ್ಲಿ ಸಭೆಗೆ ಸೇರಿದವರು. ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ಪದ್ಧತಿ ಮತ್ತು ಕ್ಯಾನ್‌ವಾಸಿನ ಮೇಲಿನ ತೈಲವರ್ಣ ಎರಡನ್ನೂ ಅವರು ಅಲ್ಲಿ ಬಳಸಿದರು. 1905ರ ನವೆಂಬರಿನಲ್ಲಿ, ಕೊಚ್ಚಿಯ ಸಾಂತಾಕ್ರೂಜ್ ದೇವಾಲಯದ ಕೆಲಸದ ನಡುವೆ ಅವರು ತೀರಿಕೊಂಡರು. ಓದು ಬರಹ ಬಾರದ ಎಷ್ಟೋ ಹಿರಿಯರು ಸಂತ ಅಲೋಶಿಯಸರ ಜೀವನವನ್ನು ತಿಳಿದದ್ದು ಆ ಮಾಡಿನ ಮೇಲಿನ ಚಿತ್ರಗಳಿಂದಲೇ.

ಮೊಸ್ಕೇನಿಯವರು ಸ್ವರ್ಗವನ್ನು ಬರೆದರು. ಅವರ ಸಂತರ ಮುಖಗಳು ಸಹಜವಾಗಿಯೇ ಇಟಲಿಯ ಮುಖಗಳು. ಆ ಚಾಪೆಲ್ ಮುಗಿದ ಹತ್ತು ವರ್ಷಗಳಿಗೆ, ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಹುಟ್ಟಿದ ಹುಡುಗ ಮುಂದೆ ನಮ್ಮ ಗದ್ದೆಯ, ನಮ್ಮ ಕಡಲಿನ, ನಮ್ಮದೇ ಮೈಬಣ್ಣದ ಜನರನ್ನು ಬರೆದ. ಈ ಇಬ್ಬರನ್ನು ಒಬ್ಬರ ವಿರುದ್ಧ ಇನ್ನೊಬ್ಬರನ್ನಾಗಿ ನಿಲ್ಲಿಸುವ ಅಗತ್ಯವಿಲ್ಲ. ಆದರೆ ಸಂತರು ಎಂದರೆ ದೂರದ ದೇಶದ ಬಿಳಿಯ ಮುಖದವರು ಎಂದೇ ನಂಬಿ ಬೆಳೆದ ಮಗುವಿಗೆ, ದೇವರ ಪ್ರತಿರೂಪ ತನ್ನ ಅಮ್ಮನ ಕಪ್ಪು ಮುಖದಲ್ಲಿಯೂ ಉಂಟು ಎಂದು ತೋರಿಸಿಕೊಡುವ ಚಿತ್ರವೂ ಬೇಕು.

ಧರ್ಮಸಭೆಯೂ ಈ ಮಾತನ್ನು ಒಪ್ಪಿಕೊಂಡಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರಿನಲ್ಲಿ ಹೊರಡಿಸಿದ ಪೂಜಾವಿಧಿಯ ಸಂವಿಧಾನದಲ್ಲಿ, ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೇ ಎಂದು ಇಟ್ಟುಕೊಂಡಿಲ್ಲ, ಎಲ್ಲ ಜನಾಂಗಗಳ ಮತ್ತು ಎಲ್ಲ ಕಾಲಗಳ ಕಲೆಗೂ ಅದರಲ್ಲಿ ಸ್ಥಾನವಿದೆ ಎಂಬ ಆಶಯ ಸ್ಪಷ್ಟವಾಗಿದೆ. ಸಂತ ಎರಡನೆಯ ಜಾನ್ ಪಾಲರು 1999ರ ಪಾಸ್ಖ ಹಬ್ಬದಂದು ಕಲಾವಿದರಿಗೆಂದೇ ಒಂದು ಪತ್ರ ಬರೆದು, ಸೌಂದರ್ಯವನ್ನು ಹುಡುಕುವವರ ಕೆಲಸಕ್ಕೂ ಸೃಷ್ಟಿಕರ್ತನ ಕೆಲಸಕ್ಕೂ ಇರುವ ನಂಟನ್ನು ನೆನಪಿಸಿದರು. ಅದು ಕಥೋಲಿಕ ಕಲಾವಿದರಿಗೆ ಮಾತ್ರ ಬರೆದ ಪತ್ರವಾಗಿರಲಿಲ್ಲ.

ಗೌರವಗಳು, ಮರಳಿ ಕೊಟ್ಟದ್ದು

ಭಾರತ ಸರ್ಕಾರ ಹೆಬ್ಬಾರರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ನೀಡಿತು. ಲಲಿತಕಲಾ ಅಕಾಡೆಮಿ ಅವರನ್ನು ಫೆಲೋ ಆಗಿ ಗೌರವಿಸಿತು. ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ದೇಶ ವಿದೇಶಗಳಲ್ಲಿ ಅವರ ಚಿತ್ರಗಳ ಪ್ರದರ್ಶನಗಳಾದವು. ಬದುಕಿನ ಬಹುಭಾಗವನ್ನು ಮುಂಬಯಿಯಲ್ಲೇ ಕಳೆದರೂ ಅವರು ಕರ್ನಾಟಕವನ್ನು ಮರೆಯಲಿಲ್ಲ. ತಮ್ಮ ಕೃತಿಗಳನ್ನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಕೊಟ್ಟರು. ಮಾರಿದರೆ ಒಳ್ಳೆಯ ಬೆಲೆ ಬರುತ್ತಿದ್ದ ಚಿತ್ರಗಳು ಸಾಮಾನ್ಯ ಜನರು ನೋಡುವ ಜಾಗಕ್ಕೆ ಸೇರಿದವು. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯಿದೆ. ಮಗಳು ರೇಖಾ ರಾವ್ ಅವರೂ ಕಲಾವಿದೆಯಾಗಿ ಹೆಸರಾದರು. 2011ರಲ್ಲಿ ಹೆಬ್ಬಾರರ ಜನ್ಮಶತಮಾನೋತ್ಸವ ಬಂದಾಗ ಅವರ ಜೀವಮಾನದ ಕೆಲಸವನ್ನು ಹೊಸ ತಲೆಮಾರು ಮತ್ತೊಮ್ಮೆ ನೋಡುವಂತಾಯಿತು.

84 ವರ್ಷಗಳ ಈ ಬದುಕಿನಲ್ಲಿ ಅವರು ಹಲವು ಸಲ ಶೈಲಿ ಬದಲಾಯಿಸಿದರು. ಒಂದು ಬಗೆಯ ಚಿತ್ರ ಜನಪ್ರಿಯವಾದಾಗ ಅದನ್ನೇ ಸಾಯುವತನಕ ಬರೆಯುತ್ತಾ ಕೂರುವುದು ಸುಲಭ. ಅವರು ಹಾಗೆ ಮಾಡಲಿಲ್ಲ. ಕುಂಚದಿಂದ ದಪ್ಪ ಬಣ್ಣದ ಪದರಗಳಿಗೆ, ಬಣ್ಣದಿಂದ ಬರಿಯ ರೇಖೆಗೆ, ಮತ್ತೆ ಬಣ್ಣಕ್ಕೆ ಎಂದು ಹುಡುಕುತ್ತಲೇ ಇದ್ದರು. ಹೀಗೆ ಎಷ್ಟೇ ಬದಲಾದರೂ ಊರಿನ ನೆಲ ಮತ್ತು ದುಡಿಯುವ ಮನುಷ್ಯ ಅವರ ಕೈಬಿಡಲಿಲ್ಲ.

ಕರಿಕೆಯಂಥ ಊರಿನಿಂದ ನೋಡಿದಾಗ

ನಾವು ಇದನ್ನು ಬರೆಯುತ್ತಿರುವುದು ಕೊಡಗಿನ ಕರಿಕೆಯಲ್ಲಿ. ಮೇಲೆ ಭಾಗಮಂಡಲ, ಕೆಳಗಿಳಿದರೆ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಕನ್ನಡ, ಅರೆಭಾಷೆ, ಮಲಯಾಳ ಒಂದೇ ಅಂಗಡಿಯ ಮುಂದೆ ಕೇಳಿಸುವ ಗಡಿಯ ಊರು. ಕಡಲು ಇಲ್ಲಿಗೆ ಕಾಣುವುದಿಲ್ಲ, ಆದರೆ ಕಡಲಿನಿಂದ ಎದ್ದ ಮೋಡ ಮೊದಲು ಬಂದು ಬಡಿಯುವುದು ಈ ಗುಡ್ಡಗಳಿಗೇ. ಪ್ರವಾಸಿಗರು ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ ಮಂಜಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಫೋಟೋದಲ್ಲಿ ಅಡಿಕೆ ಸುಲಿಯುವ ಕೈಗಳಾಗಲಿ, ಬೆಳಕು ಹರಿಯುವ ಮುನ್ನ ರಬ್ಬರ್ ಟ್ಯಾಪಿಂಗಿಗೆ ಹೊರಟವನಾಗಲಿ ಕಾಣುವುದಿಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದಾಗ, ನೋಡಲು ಸುಂದರವಾದ ಈ ನೆಲದ ಮೇಲೆ ಜನರು ಎಷ್ಟು ಕಷ್ಟದಿಂದ ಬದುಕುತ್ತಿದ್ದಾರೆ ಎಂಬುದು ಹೊರಗಿನವರಿಗೆ ತಿಳಿಯಿತು. ಮಳೆ ನಿಂತ ಮೇಲೆ ಮತ್ತೆ ಮರೆತೂ ಹೋಯಿತು. ಸೃಷ್ಟಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆಯಾಗಿ ಕೇಳಬಾರದು ಎಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹೇಳಿದ್ದರ ಅರ್ಥ ನಮಗೆ ಇಲ್ಲಿ ಸುಲಭವಾಗಿ ಆಗುತ್ತದೆ. ಹೆಬ್ಬಾರರು ಕುಂಚದಿಂದ ಮಾಡಿದ್ದು ಇದನ್ನೇ. ನೆಲದ ಚೆಲುವನ್ನೂ ಅದರ ಮೇಲೆ ದುಡಿಯುವವರ ದಣಿವನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟರು.

ನಮ್ಮ ಧರ್ಮಕೇಂದ್ರಗಳಿಗೊಂದು ಮಾತು

ಪ್ರತಿ ಧರ್ಮಕೇಂದ್ರದಲ್ಲೂ ಚಿತ್ರ ಬರೆಯುವ ಮಕ್ಕಳಿದ್ದಾರೆ. ಕ್ರಿಸ್ಮಸ್ ಬಂದಾಗ ಗೋದಲಿಗೆ ಬಣ್ಣ ಬಳಿಯಲು, ಹಬ್ಬಕ್ಕೆ ಬ್ಯಾನರ್ ಬರೆಯಲು ಅವರನ್ನು ಕರೆಯುತ್ತೇವೆ. ಹಬ್ಬ ಮುಗಿದ ಮೇಲೆ ಅದೇ ಮಗುವಿಗೆ ಚಿತ್ರ ಬಿಟ್ಟು ಪಾಠ ಓದು ಎನ್ನುತ್ತೇವೆ. ಹೆತ್ತವರ ಆತಂಕ ಸುಳ್ಳಲ್ಲ. ಕಲೆಯನ್ನು ನಂಬಿದವರೆಲ್ಲರೂ ಹೆಬ್ಬಾರರಾಗುವುದಿಲ್ಲ, ಹಸಿವು ಎಲ್ಲರಿಗೂ ಇದೆ. ಆದರೆ ಹೆಬ್ಬಾರರ ಹಿಂದೆಯೂ ಸಂಪತ್ತಾಗಲಿ ಶಿಫಾರಸಾಗಲಿ ಮುಖ್ಯವಾಗಿರಲಿಲ್ಲ. ದೀರ್ಘಕಾಲದ ಕಲಿಕೆ ಇತ್ತು. ಮೈಸೂರು, ಬೊಂಬಾಯಿ, ಪ್ಯಾರಿಸ್, ಕೊನೆಗೆ ನೃತ್ಯಗುರುವಿನ ಮನೆ. ಚಿತ್ರದ ಮೇಲೆ ಆಸೆಯಿರುವ ಮಗುವಿಗೆ ಕಲೆಯೂ ಶಿಸ್ತಿನ ಶ್ರಮ ಎಂದು ತಿಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಧರ್ಮೋಪದೇಶದ ಶಿಕ್ಷಕರು ಒಂದು ಭಾನುವಾರ ಮಕ್ಕಳಿಗೆ ಹೀಗೊಂದು ಕೆಲಸ ಕೊಡಬಹುದು. ಪುಸ್ತಕದ ಚಿತ್ರವನ್ನು ನಕಲು ಮಾಡುವ ಬದಲು, ತಮ್ಮ ವಾಳೆಯಲ್ಲಿ ದುಡಿಯುವ ಒಬ್ಬರನ್ನು ಹತ್ತು ನಿಮಿಷ ಸುಮ್ಮನೆ ನೋಡಿ ಬರೆದುಕೊಂಡು ಬರಲಿ. ಬೀಡಿ ಕಟ್ಟುವ ಅಜ್ಜಿ, ಮೀನು ಮಾರುವ ಹೆಂಗಸು, ಚರ್ಚಿನ ಅಂಗಳ ಗುಡಿಸುವವರು, ಯಾರಾದರೂ ಆಗಲಿ. ಗೆರೆ ಸೊಟ್ಟಗಾದರೆ ನಷ್ಟವಿಲ್ಲ. ಆ ಹತ್ತು ನಿಮಿಷದಲ್ಲಿ ಮಗು ಆ ಮನುಷ್ಯನನ್ನು ನಿಜವಾಗಿ ನೋಡಿರುತ್ತದೆ. ವಾಳೆಯ ಗುರ್ಕಾರರಿಗೂ ಪಾಲನಾ ಮಂಡಳಿಯ ಸದಸ್ಯರಿಗೂ ಇದೇ ಅಭ್ಯಾಸ ಉಪಯೋಗಕ್ಕೆ ಬಂದೀತು. ಒಬ್ಬರ ಮನೆಗೆ ನೆರವಿನ ಪಟ್ಟಿ ಹಿಡಿದುಕೊಂಡು ಹೋಗುವ ಮುನ್ನ, ಅವರ ಮುಖ ನೋಡಿ ಎರಡು ಮಾತು ಕೇಳುವ ವ್ಯವಧಾನವಿದ್ದರೆ ಸೇವೆಯ ರೀತಿಯೇ ಬೇರೆಯಾಗುತ್ತದೆ.

ಮೂಡುಬೆಳ್ಳೆಯ ಕಡೆಗೆ ಹೋಗುವವರು ಕಟ್ಟಿಂಗೇರಿಯ ಗದ್ದೆಗಳ ನಡುವೆಯೂ ಒಮ್ಮೆ ನಡೆದು ಬರಲಿ. ಬೆಂಗಳೂರು, ಮಣಿಪಾಲಗಳಿಗೆ ಹೋದವರು ಅವರ ಮೂಲಕೃತಿಗಳು ಪ್ರದರ್ಶನದಲ್ಲಿವೆಯೇ ಎಂದು ವಿಚಾರಿಸಿ, ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲಿ. ಅಚ್ಚಾದ ಪುಟದಲ್ಲಿ ಕಾಣದ ಬಣ್ಣದ ದಪ್ಪ ಪದರಗಳು ಹತ್ತಿರ ನಿಂತು ನೋಡಿದಾಗಲೇ ಕಾಣುವುದು.